ಓದುಗರು ಕೊಟ್ಟ ಪದ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಓದುಗರು ಕೊಟ್ಟ ಪದಗಳಿಗೆ ಪುಟ್ಟ ಪುಟ್ಟ ಕಥೆ ಬರೆಯುತ್ತಿದ್ದೀಯ, ಇನ್ನೂ ಹನ್ನೊಂದು ಪದ ಬಾಕಿ ಇವೆ, ಬರೆದದ್ದೆಲ್ಲ ಒಂದೇ ಥರ ಕಾಣುತ್ತಿದೆ ಅಂದಿದ್ದೀಯ. "ಇದು ಸುಮ್ನೆ ಆಟ ಅಲ್ವಾ ಅಕ್ಕಾ?" ಅಂತಲೂ ಕೇಳಿದ್ದೀಯ.

ಆಟವೇ ಇರಲಿ, ಹಗುರವಾದ ಆಟ ಅಲ್ಲ. ಅವಧಾನದಲ್ಲಿ, ಅಂದರೆ ಸಭೆಯಲ್ಲಿ ಕೇಳಿದ್ದಕ್ಕೆ ಅಲ್ಲೇ ಪದ್ಯ ಕಟ್ಟಿ ಹೇಳುವ ಕಲೆಯಲ್ಲಿ, ಸಮಸ್ಯಾಪೂರಣ ಅಂತ ಒಂದಿದೆ, ಕೇಳಿದ್ದೀಯಲ್ಲ? ಪ್ರಶ್ನೆ ಕೇಳುವ ಪೃಚ್ಛಕರು ಅಸಂಬದ್ಧ ಅನ್ನಿಸುವ ಒಂದು ಸಾಲು ಕೊಡುತ್ತಾರೆ. ಆ ಸಾಲು ನಿಜವಾಗುವಂಥ ಸಂದರ್ಭ ಹುಡುಕಿ ಪದ್ಯ ಕಟ್ಟುವುದು ಅವಧಾನಿಯ ಪಾಡು. ನಮ್ಮದೂ ಅದೇ. ಪದದ ಬಗ್ಗೆ ಬರೆಯಬೇಡ. ಆ ಪದ ಯಾರ ಕೈಯಲ್ಲಿದೆ ಅಂತ ಹುಡುಕು.

ಒಮ್ಮೆ ನನಗೆ 'ಬೀಗ' ಅಂತ ಬಂತು. ಮೊದಲು ಹೊಳೆದದ್ದು ಪಾಳು ಮನೆ, ತುಕ್ಕು ಹಿಡಿದ ಬೀಗ. ಬಿಟ್ಟೆ. ಪದ ಕೊಟ್ಟವರಿಗೂ ಮೊದಲು ಅದೇ ಹೊಳೆದಿರುತ್ತದೆ. ಆಮೇಲೆ ಕಳೆದುಹೋದ ಕೀಲಿಕೈ. ಅದನ್ನೂ ಬಿಟ್ಟೆ. ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಒಂದು ಪ್ರಶ್ನೆ ಬಂತು: ಒಳಗೆ ಮನುಷ್ಯರಿರುವಾಗಲೇ ಹೊರಗಿನಿಂದ ಯಾರು ಬೀಗ ಹಾಕುತ್ತಾರೆ? ಅಲ್ಲಿಂದ ಕಥೆ ಶುರುವಾಯಿತು. ಒಬ್ಬಾಕೆ ಕೆಲಸಕ್ಕೆ ಹೊರಡುವಾಗ ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾಳೆ. ಕಿಟಕಿಯಿಂದ ಗಂಡ ಕೇಳುತ್ತಾನೆ, "ಎಷ್ಟು ಹೊತ್ತಿಗೆ ಬರ್ತೀಯ?" ಸಂಜೆ ಅವಳು ಬಾಗಿಲು ತೆಗೆದರೆ ಅವನು ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ. ನಮ್ಮ ಮನೆಯವಳು ಇನ್ನೇನು ಬಂದುಬಿಡ್ತಾಳೆ" ಅನ್ನುತ್ತಾನೆ.

ಮೊದಲ ಕರಡಿನಲ್ಲಿ ಇದಾದ ಮೇಲೆ ಇನ್ನೂ ಮೂರು ಸಾಲಿದ್ದವು. ಅವಳ ಕಣ್ಣೀರು, ಅವನ ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ ಹೀಗೆ ಅನ್ನುವ ಲೆಕ್ಕ. ಮೂರನ್ನೂ ಹೊಡೆದುಹಾಕಿದೆ. ಎರಡು ಸಲ ಎಳೆದು ನೋಡುವ ಆ ಕೈಯಲ್ಲೇ ಅಷ್ಟೂ ಇತ್ತು. ನೀನು ಕಳಿಸಿದ ನಾಲ್ಕು ಕಥೆಗಳಲ್ಲೂ ಕೊನೆಯ ಸಾಲು ಓದುಗರನ್ನು ಬೆಚ್ಚಿಬೀಳಿಸಲು ನೋಡುತ್ತದೆ. ಅದಕ್ಕೇ ಒಂದೇ ಥರ ಕಾಣುವುದು. ಕೊನೆಯ ಸಾಲು ಮುಚ್ಚಿ ಓದಿ ನೋಡು. ಉಳಿದದ್ದು ಕಥೆಯಾಗಿ ನಿಲ್ಲದಿದ್ದರೆ, ಆ ತಿರುವು ಅದನ್ನು ಉಳಿಸಲಾರದು.

ಪದಗಳ ಲೆಕ್ಕದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಡ್ರ್ಯಾಬಲ್, ಅಂದರೆ ಸರಿಯಾಗಿ 100 ಪದಗಳ ಪುಟ್ಟ ಕಥೆ, ಇಂಗ್ಲಿಷಿನಲ್ಲಿ ಹುಟ್ಟಿದ ಅಳತೆ. ನಮ್ಮಲ್ಲಿ 'ಹೋಗಬೇಕಾಗಿತ್ತಂತೆ' ಅನ್ನುವುದು ಒಂದೇ ಪದ. ಇಂಗ್ಲಿಷಿನಲ್ಲಿ ಅಷ್ಟನ್ನು ಹೇಳೋಕೆ ನಾಲ್ಕೈದು ಪದವಾದರೂ ಬೇಕು. ಹಾಗಾಗಿ ಕನ್ನಡದ 100 ಪದ ಸಾಕಷ್ಟು ವಿಶಾಲವಾದ ಜಾಗ. ಅಷ್ಟಾದರೂ ಲೆಕ್ಕಕ್ಕೆ ಹೊಂದಿಸಲು ನೀನು ಪದಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದೀಯ. ಗಟ್ಟಿಯಾಗಿ ಓದು, ಎಲ್ಲಿ ಉಸಿರು ಕಟ್ಟುತ್ತದೆ ಅಂತ ನಿನಗೇ ಗೊತ್ತಾಗುತ್ತದೆ.

ಕೊಟ್ಟ ಪದ ಕಥೆಯೊಳಗೆ ಬರಲೇಬೇಕಾ ಅಂತ ಕೇಳಿದ್ದೀಯ. ಬರದಿದ್ದರೂ ನಡೆಯುತ್ತದೆ. ಅದನ್ನು ಕೊಟ್ಟವರಿಗೆ ತಮ್ಮ ಪದದ ಗುರುತು ಸಿಕ್ಕರೆ ಸಾಕು.

ಇನ್ನೊಂದು ಮಾತು, ಇದನ್ನು ನಾನು ತಪ್ಪು ಮಾಡಿ ಕಲಿತದ್ದು. ಒಬ್ಬರು 'ತೊಟ್ಟಿಲು' ಅಂತ ಪದ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ಒಂದು ಚಮತ್ಕಾರದ ಕಥೆ ಹೆಣೆದೆ. ಬಹಳ ಜನ ಮೆಚ್ಚಿದರು. ಪದ ಕೊಟ್ಟವರು ಮಾತ್ರ ವಾರದ ನಂತರ ಒಂದೇ ಸಾಲು ಬರೆದರು: "ನಮ್ಮದು ಇನ್ನೂ ಅಟ್ಟದ ಮೇಲಿದೆ." ನನ್ನ ಜೀವ ಹಿಂಡಿದ ಹಾಗಾಯಿತು. ಕ್ಷಮೆ ಕೇಳಿ ಬರೆದೆ. ಅವರು ಯಾಕೆ ಆ ಪದವನ್ನೇ ಆರಿಸಿದ್ದರು ಅಂತ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಅಂದಿನಿಂದ, ಯಾವ ಪದ ಬಂದರೂ ಒಂದು ರಾತ್ರಿ ಅದನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ನಿನ್ನ ಹನ್ನೊಂದರಲ್ಲಿ ಈ ವಾರ ಒಂದನ್ನೇ ಎತ್ತಿಕೋ. ಉಳಿದ ಹತ್ತು ಮಂದಿಗೆ ಎರಡು ಸಾಲು ಬರೆದು ಹಾಕು, ನಿಮ್ಮ ಪದ ನನ್ನ ಹತ್ತಿರ ಜೋಪಾನವಾಗಿದೆ ಅಂತ.

ಪ್ರೀತಿಯಿಂದ,
ಅಕ್ಕ