ಅಪ್ಪನ ಜ್ವರದ ವಿಷಯ

ಐಂಡ್‌ಹೋವನ್

ಚಿ. ಮಂಜುಗೆ ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ.

ಅಪ್ಪನಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಊಟ ಸೇರುತ್ತಿಲ್ಲ, ಟೈಫಾಯ್ಡಿನ ರಕ್ತ ಪರೀಕ್ಷೆ ವಿಡಾಲ್ ಪಾಸಿಟಿವ್ ಅಂತ ಟೈಫಾಯ್ಡ್ ಮಾತ್ರೆ ಕೊಟ್ಟಿದ್ದಾರೆ ಎಂದು ಬರೆದಿದ್ದೀಯ. ವಿಡಾಲ್ ಒಂದನ್ನೇ ನಂಬಬೇಡ, ಯಾವತ್ತೋ ಟೈಫಾಯ್ಡ್ ಬಂದು ಹೋಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಅಪ್ಪನ ಹಾಗೆ ಹೃದಯದಲ್ಲಿ ಲೋಹದ ವಾಲ್ವ್ ಇರುವವರಿಗೆ ಹೀಗೆ ಜ್ವರ ಬಂದರೆ ವಾಲ್ವಿಗೆ ಸೋಂಕು ತಗುಲಿಲ್ಲ ಎಂದು ಮೊದಲು ಗೊತ್ತಾಗಬೇಕು. ನಾಳೆಯೇ ಹೃದಯದ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಹೊಸ ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ ಆಗಬೇಕು. ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ಸಲ, ಪ್ರತಿಸಲ ಬೇರೆ ಜಾಗದಲ್ಲಿ ಚುಚ್ಚಿ, ಬಾಟಲಿಗೆ 10 ಮಿ.ಲೀ. ಇಷ್ಟು ರಕ್ತ ಯಾಕೆ ಎಂದು ಅಮ್ಮ ಗಲಾಟೆ ಮಾಡುತ್ತಾಳೆ. ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ಸಿಗದೇ ಹೋಗಬಹುದು ಅನ್ನು. ಈಗಾಗಲೇ ನುಂಗಿರುವ ಮಾತ್ರೆಯ ಚೀಟಿ ತೋರಿಸು. ಹೃದಯದ ಸ್ಕ್ಯಾನ್ ಎಕೋ ಗಂಟಲೊಳಗಿನಿಂದ ಮಾಡುವುದೇ ಆಗಬೇಕು, ಎದೆ ಮೇಲಿಂದ ನೋಡಿದರೆ ಲೋಹದ ನೆರಳು ಅಡ್ಡ ಬರುತ್ತದೆ.

ರೊಪ್ಪದ ವಿಷಯ ಮುಚ್ಚಿಡಬೇಡ. ಕುರಿಗಳು ಕಂದು ಹಾಕಿದ್ದು, ಅಪ್ಪ ಬರಿಗೈಯಲ್ಲಿ ಮಾಸು ತೆಗೆದದ್ದು ಎಲ್ಲ ಹೇಳು. ಬ್ರುಸೆಲ್ಲಾ, ಕ್ಯೂ ಜ್ವರ ಎಂಬ ಎರಡು ಬ್ಯಾಕ್ಟೀರಿಯಾ ಸೋಂಕುಗಳೂ ಕುರಿಗಳಿಂದ ಬರಬಹುದು. ಬ್ರುಸೆಲ್ಲಾ ನಿಧಾನವಾಗಿ ಬೆಳೆಯುತ್ತದೆ, ಲ್ಯಾಬಿನವರಿಗೂ ಅಂಟುತ್ತದೆ, ಹಾಗಾಗಿ ಅವರಿಗೆ ಮುಂಚೆಯೇ ತಿಳಿಸಬೇಕು. ಕ್ಯೂ ಜ್ವರದ್ದು ಮಾಮೂಲಿ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೆ ಆಂಟಿಬಾಡಿ ಪರೀಕ್ಷೆ ಬೇಕು. ಅದರಲ್ಲಿ ಫೇಸ್ 1 ಐಜಿಜಿ ಎಂಬ ಆಂಟಿಬಾಡಿಯ ಮಟ್ಟ 1:800 ದಾಟಿದರೆ ವಾಲ್ವ್ ಸೋಂಕಿಗೆ ಅದು ಗಟ್ಟಿ ಸಾಕ್ಷಿ.

ಇದು ಹಳ್ಳಿಯವರ ಕಾಯಿಲೆ ಎಂದು ಯಾರಾದರೂ ಮೂಗು ಮುರಿದರೆ ಕೇಳಿಸಿಕೊಳ್ಳಬೇಡ. ಇಷ್ಟು ಅಚ್ಚುಕಟ್ಟಾದ ಈ ನೆದರ್ಲೆಂಡ್ಸ್ ದೇಶದಲ್ಲೇ 2007ರಿಂದ 2010ರವರೆಗೆ ಹಾಲಿನ ಮೇಕೆಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನಕ್ಕೆ ಕ್ಯೂ ಜ್ವರ ಬಂದಿತ್ತು. ಗಬ್ಬದ ಮೇಕೆಗಳನ್ನೇ ಕೊಲ್ಲಬೇಕಾಯಿತು.

ಬ್ರುಸೆಲ್ಲಾ ಆದರೆ ಎರಡು ಮೂರು ಔಷಧಿ ಒಟ್ಟಿಗೆ ಕೊಡುತ್ತಾರೆ, ಕಡಿಮೆಯೆಂದರೂ ಮೂರು ತಿಂಗಳು. ಅನೇಕರಿಗೆ ಆಪರೇಷನ್ನೂ ಬೇಕಾಗುತ್ತದೆ. ಕ್ಯೂ ಜ್ವರ ಆದರೆ ಕೃತಕ ವಾಲ್ವ್ ಇರುವವರಿಗೆ ಡಾಕ್ಸಿಸೈಕ್ಲಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡು ವರ್ಷ. ಇದೊಂದು ಮಾತು ಎರಡು ಸಲ ಓದು: ಬ್ರುಸೆಲ್ಲಾಗೆ ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರೆ, ರಕ್ತ ಹೆಪ್ಪುಗಟ್ಟದಂತೆ ಅಪ್ಪ ನುಂಗುವ ವಾರ್ಫರಿನ್ ಮಾತ್ರೆಯ ಪ್ರಭಾವ ಇಳಿದು ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್ಆರ್ ಪರೀಕ್ಷೆ ಪದೇಪದೇ ಮಾಡಿಸಿ ವಾರ್ಫರಿನ್ ಡೋಸ್ ಬದಲಿಸಬೇಕು, ರಿಫಾಂಪಿಸಿನ್ ನಿಲ್ಲಿಸಿದ ಮೇಲೂ. ಡಾಕ್ಟರು ಹೇಳದೆ ವಾರ್ಫರಿನ್ ನಿಲ್ಲಿಸಲೇಬೇಡ.

ಹಾಲು ಉಕ್ಕುವಂತೆ ಕಾಯಿಸಿ ಕುಡಿಯಿರಿ. ಕುರಿ ಈಯುವಾಗ ಅಪ್ಪ ಆ ಕಡೆ ಸುಳಿಯಬಾರದು. ನೀನು ಗ್ಲೌಸು, ಮಾಸ್ಕು ಹಾಕಿಕೋ. ಮಾಸು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳು.

ಅಮ್ಮನಿಗೆ ಏನೂ ಭಯವಿಲ್ಲ ಅನ್ನು. ಔಷಧಿ ಇದೆ, ವಾಸಿಯಾಗುತ್ತದೆ, ಖಂಡಿತ ವಾಸಿಯಾಗುತ್ತದೆ. ದುಡ್ಡಿನ ಯೋಚನೆ ಬೇಡ, ನಾನು ಕಳಿಸುತ್ತೇನೆ. ಕುರಿ ಮಾರಬೇಡ. ಡ್ಯೂಟಿಗೆ ಹೊತ್ತಾಯಿತು, ಎಕೋ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು.

ಇಂತಿ,
ಅಕ್ಕ