ಅಡುಗೆ ಅಂಕಣದಲ್ಲಿ ಸೀಟಿಯ ಲೆಕ್ಕದ ಬದಲು ನಿಮಿಷದ ಲೆಕ್ಕ ಬರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಅಡುಗೆ ಅಂಕಣದಲ್ಲಿ ‘ಬೇಳೆಯನ್ನು ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿ’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಎಷ್ಟು ಲೀಟರಿನ ಕುಕ್ಕರು, ನೀರು ಎಷ್ಟು, ಉರಿ ದೊಡ್ಡದೋ ಸಣ್ಣದೋ ಎಂಬುದು ಇರುವುದಿಲ್ಲ. ಬೇಳೆ ಬೇಯದೆ ಉಳಿದರೆ ಇನ್ನೊಮ್ಮೆ ಬೇಯಿಸಬಹುದು. ಆದರೆ ಸೀಟಿಯನ್ನೇ ನಂಬಿ ಒಳಗಿನ ಕೋಣೆಯಲ್ಲಿ ಕೂತವರಿಗೆ, ಕುಕ್ಕರು ಕೂಗದೆ ಸುಮ್ಮನಿದ್ದಾಗಲೇ ಓಡಿ ಬರಬೇಕು ಎಂಬುದು ತಿಳಿಯುವುದಿಲ್ಲ. ಮುಂಬಯಿ, ಠಾಣೆ, ಪುಣೆಯ ನಮ್ಮ ಕನ್ನಡಿಗರ ಮನೆಗಳಿಗಾಗಿ, ಕುಕ್ಕರ್ ದುರಸ್ತಿಯ ಕೆಲಸ ಬಲ್ಲ ನಾವು ಈ ಪತ್ರ ಬರೆಯುತ್ತಿದ್ದೇವೆ.

ಮುಚ್ಚಳದ ಮೇಲೆ ಕೂರುವ ವೇಟ್, ಅಂದರೆ ನಾವು ಸೀಟಿ ಎನ್ನುವ ಆ ತೂಕದ ಗುಂಡು, ಹೊತ್ತು ತೋರಿಸಲು ಮಾಡಿದ್ದಲ್ಲ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಮುಟ್ಟಿದಾಗ ಅದು ಮೇಲೆದ್ದು ಹೆಚ್ಚಾದ ಉಗಿಯನ್ನು ಹೊರಗೆ ಬಿಡುತ್ತದೆ, ಅಷ್ಟೇ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 120 ಡಿಗ್ರಿಯಲ್ಲಿ. ಬೇಳೆ ಬೇಗ ಬೇಯುವುದು ಈ 20 ಡಿಗ್ರಿಯಿಂದ. ಒಮ್ಮೆ ಒತ್ತಡ ತುಂಬಿದ ಮೇಲೆ ಹತ್ತು ಸಲ ಕೂಗಿಸಿದರೂ ಒಳಗಿನ ಬಿಸಿ ಹೆಚ್ಚುವುದಿಲ್ಲ. ಗ್ಯಾಸೂ ನೀರೂ ಹಾಳು. ಉರಿ ದೊಡ್ಡದಿದ್ದರೆ ಮೂರು ಸೀಟಿ ಮೂರೇ ನಿಮಿಷದಲ್ಲಿ ಮುಗಿದೀತು, ಸಣ್ಣದಿದ್ದರೆ ಕಾಲು ಗಂಟೆ ಹಿಡಿದೀತು. ಇನ್ನು ಲೆಕ್ಕ ಎಲ್ಲಿ ಬಂತು?

ಲೆಕ್ಕ ಹೀಗಿರಲಿ: ಮುಚ್ಚಳ ಹಾಕಿ, ವೇಟ್ ಇಡದೆ, ದೊಡ್ಡ ಉರಿಯಲ್ಲಿ ಇಡಿ. ವೇಟ್ ಕೂರುವ ನಳಿಗೆಯಿಂದ ಉಗಿ ಕಡಿಯದೆ ನೇರವಾಗಿ ಮೇಲೆ ಬರತೊಡಗಿದ ಮೇಲೆ ವೇಟ್ ಇಡಿ. ಅಷ್ಟರಲ್ಲಿ ಒಳಗಿನ ಗಾಳಿ ಹೊರಗೆ ಹೋಗಿರುತ್ತದೆ. ಗಾಳಿ ಉಳಿದರೆ ಒತ್ತಡ ಬಂದರೂ ಬಿಸಿ ಅಷ್ಟು ಏರುವುದಿಲ್ಲ. ನಳಿಗೆ ಕಟ್ಟಿಲ್ಲ ಎಂಬುದಕ್ಕೂ ಆ ಉಗಿಯೇ ಸಾಕ್ಷಿ. ಮೊದಲ ಸೀಟಿ ಆದೊಡನೆ ಉರಿ ಸಣ್ಣದು ಮಾಡಿ, ವೇಟ್ ಮೆಲ್ಲಗೆ ಸುಸುಗುಡುವಷ್ಟು ಮಾತ್ರ. ನಿಮಿಷ ಎಣಿಸುವುದು ಅಲ್ಲಿಂದ.

ಅರ್ಧ ಗಂಟೆ ನೆನೆದ ತೊಗರಿಬೇಳೆಗೆ 6ರಿಂದ 8 ನಿಮಿಷ ಸಾಕು. ಒಳಪಾತ್ರೆಯಲ್ಲಿ ಒಂದು ಲೋಟ ಬೆಳ್ತಿಗೆ ಅಕ್ಕಿಗೆ ಎರಡು ಲೋಟ ನೀರಿಟ್ಟರೆ 5 ನಿಮಿಷ, ಆಮೇಲೆ ತಾನಾಗಿ ಆರಲಿ. ಮಧ್ಯಮ ಗಾತ್ರದ ಇಡೀ ಬಟಾಟೆಗೆ 8ರಿಂದ 10. ರಾತ್ರಿಯಿಡೀ ನೆನೆದ ಕಡಲೆಗೆ 15, ರಾಜ್ಮಾಕ್ಕೆ 15ರಿಂದ 20, ಹುರುಳಿಗೆ 20. ಕಾಳು ಹಳೆಯದಾದರೆ ಎರಡು ಮೂರು ನಿಮಿಷ ಜಾಸ್ತಿ. ಕುಕ್ಕರ್ ಮೂರು ಲೀಟರಿನದಿರಲಿ ಐದು ಲೀಟರಿನದಿರಲಿ, ಈ ನಿಮಿಷಗಳು ಹೆಚ್ಚುಕಡಿಮೆ ಇವೇ.

ಕುಚ್ಚಲಕ್ಕಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ದಿನಾ ಏರುವುದು ಅದೇ. ಗಂಜಿ ಬಸಿಯುವ ಅನ್ನವಾದ್ದರಿಂದ ನೀರು ಹೆಚ್ಚು, ನೊರೆಯೂ ಹೆಚ್ಚು. ಮೂರು ಲೀಟರ್ ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿ, ಐದು ಲೋಟ ನೀರು ಹಾಕಿದರೆ ಅರ್ಧಕ್ಕೆ ಹತ್ತಿರ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನೆಂಟರು ಬಂದರೆಂದು ಅದೇ ಕುಕ್ಕರಿಗೆ ಎರಡು ಲೋಟ ಅಕ್ಕಿ ಸುರಿದರೆ ಗಂಜಿಯ ನೊರೆ ಉಕ್ಕಿ ನಳಿಗೆಯೊಳಗೆ ಏರುತ್ತದೆ, ಅಲ್ಲೇ ಒಣಗಿ ಅಂಟಿನ ಹಾಗೆ ಕೂರುತ್ತದೆ. ಆ ದಿನ ಏನೂ ಆಗದಿರಬಹುದು. ಮರುದಿನ ಬೇಳೆಯ ಒಂದು ಸಿಪ್ಪೆ ಅದಕ್ಕೆ ಸಿಕ್ಕಿಕೊಂಡರೆ ದಾರಿ ಮುಚ್ಚಿತು. ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 10 ನಿಮಿಷ ಇಟ್ಟು, ಗ್ಯಾಸ್ ಆರಿಸಿ ಅರ್ಧ ಗಂಟೆ ಮುಟ್ಟದೆ ಬಿಡಿ. ಒಳಗಿನ ಬಿಸಿಗೇ ಅಕ್ಕಿ ಅರಳುತ್ತದೆ. ಬೆಳಗಿನ ಲೋಕಲ್ ರೈಲು ಹಿಡಿಯುವ ಮನೆಗಳಿಗೂ ಇದೇ ಅನುಕೂಲ: ಕುಕ್ಕರ್ ಆರಿಸಿ ಸ್ನಾನಕ್ಕೆ ಹೋಗಬಹುದು.

ಉಳಿದವಕ್ಕೆ ಅಳತೆ ಸುಲಭ. ಬೇಳೆ, ಕಾಳು, ಅಕ್ಕಿ ನೀರಿನ ಸಮೇತ ಅರ್ಧ ಕುಕ್ಕರ್. ತರಕಾರಿ, ಮಾಂಸ ಮೂರರಲ್ಲಿ ಎರಡು ಪಾಲು. ಬೇಳೆಗೆ ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ. ಓಟ್ಸ್, ಪಾಸ್ತಾದಂಥ ಅಂಟು ನೊರೆಯ ಪದಾರ್ಥಗಳು ಕುಕ್ಕರಿಗೆ ಬೇಡವೇ ಬೇಡ. ಒಳಪಾತ್ರೆ ಇಡುವಾಗ ತಳದಲ್ಲಿ ಒಂದೂವರೆ ಲೋಟಕ್ಕಿಂತ ಕಡಿಮೆ ನೀರು ಇರಬಾರದು.

ಇಡ್ಲಿ, ಪತ್ರೊಡೆ, ಕಡುಬಿಗೆ ವೇಟ್ ಇಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ವೇಟ್ ಇಲ್ಲದ ಕುಕ್ಕರಿನಿಂದ ಉಗಿ ಬಿಡುವಿಲ್ಲದೆ ಹೋಗುತ್ತಿರುತ್ತದೆ, ಆದ್ದರಿಂದ ನೀರು ತುಂಬ ಬೇಗ ಬತ್ತುತ್ತದೆ. ಇಡ್ಲಿಯ 10–12 ನಿಮಿಷಕ್ಕೆ ತೊಂದರೆಯಿಲ್ಲ. ಮುಕ್ಕಾಲು ಗಂಟೆ ಬೇಯುವ ಪತ್ರೊಡೆಗೆ ಮೂರು ಲೋಟವಾದರೂ ನೀರು ಬೇಕು, ನಡುವೆ ಒಮ್ಮೆ ಗ್ಯಾಸ್ ಆರಿಸಿ ನೋಡಿ ಬಿಸಿನೀರು ಸೇರಿಸಬೇಕು. ಚೌತಿಯ ದಿನಗಳು ಕಳೆದ ಮೇಲೆ ದುರಸ್ತಿಗೆ ಬರುವ ಕುಕ್ಕರುಗಳಲ್ಲಿ ತಳ ಉಬ್ಬಿದವು ಹೆಚ್ಚು. ಕಾರಣ ಇದೇ, ನೀರಿಲ್ಲದೆ ಕಾದದ್ದು. ಕುಕ್ಕರಿನಲ್ಲಿ ನೀರಿಲ್ಲದೆ ಕೇಕ್ ಬೇಯಿಸುವುದೂ ಅದೇ ತಪ್ಪು. ಒಣ ಬಿಸಿಗೆ ಅಲ್ಯುಮಿನಿಯಂ ಮೆದುವಾಗಿ ಬಲ ಕಳೆದುಕೊಳ್ಳುತ್ತದೆ. ಉಬ್ಬಿದ ತಳವನ್ನು ಬಡಿದು ಸಮ ಮಾಡಿದರೆ ನೋಟಕ್ಕೆ ಸರಿ ಕಾಣುತ್ತದೆ, ಬಲ ತಿರುಗಿ ಬರುವುದಿಲ್ಲ.

ಈಗ ಕೂಗದ ಕುಕ್ಕರಿನ ಮಾತು. ಅರ್ಧ ತುಂಬಿದ ಮೂರು ಲೀಟರ್ ಕುಕ್ಕರು ದೊಡ್ಡ ಉರಿಯಲ್ಲಿ ಸುಮಾರು ಹತ್ತು ನಿಮಿಷದೊಳಗೆ ಒತ್ತಡಕ್ಕೆ ಬರಬೇಕು. ಬರದಿದ್ದರೆ ಹತ್ತಿರ ಬಗ್ಗದೆ, ಒಂದು ಮಾರು ದೂರದಿಂದ ನೋಡಿ. ಮುಚ್ಚಳದ ಅಂಚಿನಿಂದ ಉಗಿ ಸೋರಿ ಹಿಡಿ ಒದ್ದೆಯಾಗಿದ್ದರೆ ಅದು ಗ್ಯಾಸ್ಕೆಟ್, ಅಂದರೆ ಮುಚ್ಚಳದ ರಬ್ಬರ್ ಬಳೆಯ ದೋಷ: ನೀರು ಬತ್ತಿ ತಳ ಹತ್ತುತ್ತದೆ, ಆದರೆ ಒತ್ತಡ ಕಟ್ಟುವುದಿಲ್ಲ. ಎಲ್ಲಿಂದಲೂ ಉಗಿ ಕಾಣದಿದ್ದರೆ ನಳಿಗೆ ಕಟ್ಟಿದೆ ಎಂದೇ ತಿಳಿಯಬೇಕು. ಎರಡಕ್ಕೂ ಮೊದಲ ಕೆಲಸ ಗ್ಯಾಸ್ ಆರಿಸುವುದು. ನಳಿಗೆ ಕಟ್ಟಿದ ಕುಕ್ಕರನ್ನು ಎತ್ತಬಾರದು, ಅಲುಗಿಸಬಾರದು, ವೇಟ್ ಕೀಳಲು ಹೋಗಬಾರದು. ಪೂರ್ತಿ ತಣಿಯುವ ತನಕ, ಅರ್ಧ ಗಂಟೆಗೂ ಮಿಕ್ಕಿ, ಅಲ್ಲೇ ಬಿಡಬೇಕು. ಚಾಳಿನ, ಅಂದರೆ ಸಾಲುಮನೆಗಳ, ಹತ್ತು ಅಡಿಯ ಖೋಲಿಯಲ್ಲಿ (ಕೋಣೆಯಲ್ಲಿ) ಒಲೆಯ ಪಕ್ಕದಲ್ಲೇ ಮಕ್ಕಳು ಓದುತ್ತಿರುತ್ತಾರೆ. ಮೊದಲು ಅವರನ್ನು ಹೊರಗೆ ಕಳಿಸಿ.

ಇಷ್ಟು ಹೆದರುವುದೇಕೆ ಎನ್ನುವವರಿಗೆ ಒಂದು ಲೆಕ್ಕ. 20 ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದೊಂದಕ್ಕೆ ಒಂದು ಕಿಲೋ ಒತ್ತಡವೆಂದರೆ ಮುಚ್ಚಳವನ್ನು ಒಳಗಿನಿಂದ ತಳ್ಳುವ ಬಲ ಮೂರು ಕ್ವಿಂಟಲಿಗೂ ಮೇಲೆ. ಹಿಡಿಗೆ ಪೆಟ್ಟು ಕೊಟ್ಟು ಆ ಮುಚ್ಚಳ ತೆರೆದರೆ 120 ಡಿಗ್ರಿಯ ನೀರು ಒಮ್ಮೆಲೇ ಒತ್ತಡ ಕಳೆದುಕೊಳ್ಳುತ್ತದೆ. ಒಂದು ಲೀಟರ್ ನೀರಿನಲ್ಲಿ 35 ಮಿಲಿಲೀಟರಿನಷ್ಟು ಆ ಕ್ಷಣದಲ್ಲೇ ಉಗಿಯಾಗಿ ಸುಮಾರು 60 ಲೀಟರ್ ಜಾಗ ಕೇಳುತ್ತದೆ. ಕುದಿವ ಬೇಳೆಯನ್ನು ಮುಖಕ್ಕೆ ಎರಚುವುದು ಆ ಉಗಿ. ಕುಕ್ಕರಿನಿಂದಾಗುವ ಸುಟ್ಟಗಾಯಕ್ಕೆ ಪಾತ್ರೆ ಒಡೆಯಲೇಬೇಕೆಂದಿಲ್ಲ, ಅವಸರದಲ್ಲಿ ತೆರೆದರೂ ಸಾಕು. ಆದ್ದರಿಂದ 10–15 ನಿಮಿಷ ಆರಲು ಬಿಟ್ಟು, ವೇಟನ್ನು ಚಮಚದ ತುದಿಯಿಂದ ಚೂರೇ ಎತ್ತಿ ನೋಡಿ. ಸುಸ್ ಎಂದರೆ ಕೈಬಿಡಿ. ಅವಸರವಿದ್ದರೆ ನಲ್ಲಿ ಕೆಳಗೆ ಮುಚ್ಚಳದ ಅಂಚಿಗೆ ನೀರು ಬೀಳುವಂತೆ ಹಿಡಿಯಬಹುದು, ನಳಿಗೆಯ ಮೇಲೆ ಬೀಳಬಾರದು. ಅನ್ನ, ಬೇಳೆಗೆ ಆ ಉಪಾಯವೂ ಬೇಡ.

ದಿನಾ ತೊಳೆಯುವಾಗ ಮಾಡಬೇಕಾದ್ದು ಒಂದು ನಿಮಿಷದ ಕೆಲಸ. ಮುಚ್ಚಳವನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ನಳಿಗೆಯೊಳಗೆ ನೋಡಿ. ಬೆಳಕಿನ ದುಂಡು ಚುಕ್ಕೆ ಸ್ಪಷ್ಟವಾಗಿ ಕಾಣಬೇಕು. ಅರ್ಧಚಂದ್ರದಂತೆ ಕಂಡರೆ ಒಂದು ಬದಿಯಲ್ಲಿ ಗಂಜಿ ಹೆಪ್ಪುಗಟ್ಟಿದೆ. ಸಣ್ಣ ತಂತಿ ಆಡಿಸಿ, ನೀರು ಬಿಟ್ಟು, ಬಾಯಿಂದ ಊದಿ. ವೇಟಿನ ಒಳಗನ್ನೂ ತೊಳೆಯಿರಿ. ಮುಚ್ಚಳದ ಒಳಬದಿಯಲ್ಲಿರುವ ಸೇಫ್ಟಿ ವಾಲ್ವಿನ (ಅಪಾಯದ ಹೊತ್ತಿನಲ್ಲಿ ತೆರೆದು ಉಗಿ ಬಿಡುವ ಭಾಗದ) ಮೇಲೆ ಬೇಳೆ ಒಣಗಿ ಕೂರದಿರಲಿ. ಇನ್ನೊಂದು ಅಭ್ಯಾಸ ನಮ್ಮಲ್ಲಿ ಬಹಳ: ಸೌಟನ್ನು ಕುಕ್ಕರಿನ ಬಾಯಿಯ ಮೇಲೆ ಟಕ್ ಟಕ್ ಎಂದು ಕೊಡವುವುದು. ಒಂದೊಂದು ಪೆಟ್ಟಿಗೂ ಅಂಚು ಕೂದಲೆಳೆಯಷ್ಟು ನೆಗ್ಗುತ್ತದೆ, ಉಗಿ ಅಲ್ಲಿಂದಲೇ ಸೋರುತ್ತದೆ, ಜನ ಗ್ಯಾಸ್ಕೆಟ್ಟನ್ನು ಬೈಯುತ್ತಾರೆ.

ನೀರಿನ ಗುಣವೂ ಇಲ್ಲಿ ಮುಖ್ಯ. ಮುಂಬಯಿಗೆ ಬರುವ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ನೀರು ಮೃದು. ಬೋರ್‌ವೆಲ್, ಟ್ಯಾಂಕರ್ ನಂಬಿರುವ ಹೊರವಲಯಗಳಲ್ಲಿ ಗಡಸು ನೀರು ಸಾಮಾನ್ಯ. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಹಿಡಿದು ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಅಂಥ ಕಡೆ ಬೇಳೆಗಾದರೂ ಕುಡಿಯುವ ನೀರನ್ನು ಬಳಸಿ. ಹುಣಸೆಹುಳಿ, ಟೊಮೆಟೊ ಬೇಳೆ ಬೆಂದ ಮೇಲೆಯೇ ಬೀಳಲಿ, ಹುಳಿಯೂ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಆದರೆ ಒಳಪಾತ್ರೆ ಇಟ್ಟಾಗ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆಯನ್ನೋ ಹುಣಸೆಯ ಚರಟವನ್ನೋ ಹಾಕಿದರೆ ಅಲ್ಯುಮಿನಿಯಂ ಕಪ್ಪಾಗುವುದು ತಪ್ಪುತ್ತದೆ.

ಬಿಡಿಭಾಗಗಳ ವಿಷಯದಲ್ಲಿ ನಾವು ಗಟ್ಟಿಯಾಗಿಯೇ ಹೇಳಬೇಕು. ಸ್ಟೇಷನ್ ಹೊರಗಿನ ಪುಟ್‌ಪಾತಿನಲ್ಲಿ ‘ಎಲ್ಲಾ ಕಂಪನಿಗೂ ಆಗುತ್ತದೆ’ ಎಂದು ಮಾರುವ ಗ್ಯಾಸ್ಕೆಟ್, ವೇಟ್, ವಾಲ್ವ್ ಕೊಳ್ಳಬೇಡಿ. ಹಾಕಿನ್ಸ್‌ನಲ್ಲಿ ಮುಚ್ಚಳ ಒಳಗಿನಿಂದ ಕೂರುತ್ತದೆ, ಪ್ರೆಸ್ಟೀಜಿನ ಹೆಚ್ಚಿನವುಗಳಲ್ಲಿ ಹೊರಗಿನಿಂದ. ಒಂದರ ಭಾಗ ಇನ್ನೊಂದಕ್ಕೆ ಆಗದು. ಅಂಗಡಿಗೆ ಹೋಗುವಾಗ ಕಂಪನಿ, ಲೀಟರ್, ಮಾಡೆಲ್ ಬರೆದುಕೊಂಡು ಹೋಗಿ, ಸಾಧ್ಯವಾದರೆ ಮುಚ್ಚಳವನ್ನೇ ಒಯ್ಯಿರಿ. ಗ್ಯಾಸ್ಕೆಟ್ಟನ್ನು ವರ್ಷಕ್ಕೊಮ್ಮೆ ಬದಲಿಸಿ. ಬಿರುಸಾದರೆ, ಸೀಳಿದರೆ ಅದಕ್ಕೂ ಮೊದಲೇ. ಸಡಿಲಾದದ್ದನ್ನು ಫ್ರೀಜರಿನಲ್ಲಿಟ್ಟು ಬಿಗಿ ಮಾಡುವುದು, ಅಂಚಿಗೆ ಗೋಧಿಹಿಟ್ಟು ಮೆತ್ತುವುದು ಬೇಡ. ಸೇಫ್ಟಿ ವಾಲ್ವಿನ ನಡುವೆ ಕಡಿಮೆ ಬಿಸಿಗೇ ಕರಗುವ ಲೋಹ ಇರುತ್ತದೆ. ಅದು ಹಾರಿತೆಂದರೆ ನೀರು ಬತ್ತಿತ್ತು ಇಲ್ಲವೇ ನಳಿಗೆ ಕಟ್ಟಿತ್ತು ಎಂದರ್ಥ. ಕಾರಣ ಹುಡುಕದೆ ಹೊಸದು ಹಾಕಬೇಡಿ. ಆ ತೂತಿಗೆ ಸ್ಕ್ರೂ ಬಿಗಿದು, ಬೆಸುಗೆ ಹಾಕಿ ‘ಇನ್ನು ಹಾರುವುದಿಲ್ಲ’ ಎಂದು ಕೊಡುವ ರಿಪೇರಿಯವರೂ ಇದ್ದಾರೆ. ಅಂಥ ಕುಕ್ಕರಿಗೆ ಮತ್ತೆ ಒಲೆ ಹಚ್ಚಬೇಡಿ. ಹೊಸದು ಕೊಳ್ಳುವವರು ಐಎಸ್‌ಐ ಗುರುತನ್ನೂ ಐಎಸ್ 2347 ಎಂಬ ಮಾನಕ ಸಂಖ್ಯೆಯನ್ನೂ ನೋಡಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಕುಕ್ಕರಿಗೆ ಅದು ಕಡ್ಡಾಯ.

ತಮ್ಮಲ್ಲಿ ನಮ್ಮ ವಿನಂತಿ ಇಷ್ಟು: ಪಾಕವಿಧಾನ ಕಳಿಸುವವರಿಂದ ಕುಕ್ಕರಿನ ಲೀಟರ್, ನೀರಿನ ಲೋಟ, ಮೊದಲ ಸೀಟಿಯ ನಂತರದ ನಿಮಿಷ, ಈ ಮೂರನ್ನು ಕೇಳಿ ಪಡೆದು ಅಚ್ಚು ಹಾಕಿ. ಓದುಗರಲ್ಲಿ ಒಂದು ಕೋರಿಕೆ: ತಳ ಉಬ್ಬಿದ ಹಳೆಯ ಕುಕ್ಕರನ್ನು ಭಂಗಾರದವನಿಗೆ (ಗುಜರಿಯವನಿಗೆ) ಹಾಗೇ ಕೊಡಬೇಡಿ. ಅದು ಇನ್ನೊಂದು ಖೋಲಿಯ ಒಲೆಗೆ ಏರಬಹುದು. ಹಿಡಿ ಬಿಚ್ಚಿ, ವಾಲ್ವ್ ಕಿತ್ತು, ಮುಚ್ಚಳದ ಅಂಚನ್ನು ಸುತ್ತಿಗೆಯಿಂದ ನಾಲ್ಕು ಕಡೆ ತಗ್ಗಿಸಿ ಕೊಡಿ.

— ಕುಕ್ಕರ್ ದುರಸ್ತಿಗಾರರು, ಡೊಂಬಿವಲಿ ಪೂರ್ವ