ಆರೈಕೆ ಕೇಂದ್ರ ನೋಡುವಾಗ ರಾತ್ರಿ ಪಾಳಿಯ ಬಗ್ಗೆ ಕೇಳಿ

ಮಾನ್ಯ ಸಂಪಾದಕರೇ,

ವಯಸ್ಸಾದ ಅಪ್ಪ ಅಮ್ಮನಿಗೆ ಆರೈಕೆ ಕೇಂದ್ರ ಹುಡುಕುವುದು ಹೇಗೆ ಎಂಬ ನಿಮ್ಮ ಪತ್ರಿಕೆಯ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಇದ್ದದ್ದೆಲ್ಲ ಹಗಲಿನ ಮಾತು. ಗಾಳಿ ಬೆಳಕು, ತೋಟ, ಟಿವಿ ಕೋಣೆ, ವಾರಕ್ಕೊಮ್ಮೆ ಬರುವ ಡಾಕ್ಟರ್. ನಾನು ಬಹಳ ವರ್ಷ ಹಿರಿಯರ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಒಂದು ಕೇಂದ್ರ ಹೇಗಿದೆ ಅಂತ ಗೊತ್ತಾಗಬೇಕಾದರೆ ಅಲ್ಲಿನ ರಾತ್ರಿ ಪಾಳಿಯನ್ನು ವಿಚಾರಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಹಗಲು ಹೊತ್ತು ಮ್ಯಾನೇಜರ್ ಇರುತ್ತಾರೆ, ನೋಡಲು ಬರುವವರು ಇರುತ್ತಾರೆ, ಹೇಗೋ ಎಲ್ಲ ನಡೆದುಹೋಗುತ್ತದೆ. ಕತ್ತಲಲ್ಲಿ ಬಾತ್‌ರೂಮಿಗೆ ಅಂತ ಎದ್ದು ಬಿದ್ದಾಗ, ಎಲ್ಲಿದ್ದೀನಿ ಅಂತ ತಿಳಿಯದೆ ಗಾಬರಿಯಿಂದ ಕೂಗಿಕೊಂಡಾಗ ಹತ್ತಿರ ಯಾರಿದ್ದಾರೆ? ಇನ್ನೊಂದು ಲೆಕ್ಕ ನೋಡಿ. ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಾಲ್ಕು ಸಲ. ಅಂಥವರು 10 ಮಂದಿ ಇದ್ದರೆ 40 ಸಲ. ಕೆಲವರನ್ನು ಇಬ್ಬರು ಹಿಡಿಯದೆ ಹೊರಳಿಸಲಾಗುವುದಿಲ್ಲ. ಪಾಳಿಯಲ್ಲಿ ಒಬ್ಬಳೇ ಇದ್ದರೆ, ಎಷ್ಟೇ ಒಳ್ಳೆಯವಳಾದರೂ ಅದು ಆಗದ ಮಾತು. ಒಂದೇ ಮಗ್ಗುಲಲ್ಲಿ ಮಲಗಿ ಮೈ ಒತ್ತಿ, ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಶುರುವಾಗುವುದು ಹೀಗೇ. ಮೊದಲು ಒಂದು ಕೆಂಪು ಗುರುತು ಕಾಣಿಸುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಹುಣ್ಣಿನ ಮೊದಲ ಹಂತ ಅಂತ ಲೆಕ್ಕ. ಮೈಬಣ್ಣ ಕಪ್ಪಗಿದ್ದರೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕಾಗುತ್ತದೆ. ಇದನ್ನು ತಿಳಿದವರು ರಾತ್ರಿ ಅಲ್ಲಿ ಇರುತ್ತಾರಾ?

‘24 ಗಂಟೆ ಸೇವೆ’ ಎಂಬ ಬೋರ್ಡು ನೋಡಿ ಸಮಾಧಾನ ಪಡಬೇಡಿ. ಎಷ್ಟೋ ಕಡೆ ಅದರರ್ಥ, ಅದೇ ಕಟ್ಟಡದಲ್ಲಿ ಒಬ್ಬರು ಮಲಗಿರುತ್ತಾರೆ ಅಂತ ಅಷ್ಟೇ. ರಾತ್ರಿ ಎಷ್ಟು ಜನರನ್ನು ನೋಡಿಕೊಳ್ಳಲು ಎಷ್ಟು ಮಂದಿ, ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು, ಅವರು ಎಚ್ಚರವಾಗಿರುತ್ತಾರಾ ಅಥವಾ ಎಬ್ಬಿಸಿದರೆ ಏಳುತ್ತಾರಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ.

ಭಾನುವಾರ ಸಂಜೆಯೂ ಒಂದು ಸಲ ಹೋಗಿ. ಗೋಡೆ ನೋಡಬೇಡಿ, ಹಾಸಿಗೆಯ ಪಕ್ಕ ನೋಡಿ. ಪರಿಚಯದವರ ಜೊತೆ ನಾನು ಹೋಗಿದ್ದ ಒಂದು ಕಡೆ ಕರೆಗಂಟೆಯ ವೈರನ್ನು ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮಂಚದ ಕಾಲ ಕಡೆ ಸಿಕ್ಕಿಸಿದ್ದರು. ಮಲಗಿದ್ದ ಅಜ್ಜಿಗೆ ಕೈ ಚಾಚಿದರೂ ಎಟುಕುವ ಹಾಗಿರಲಿಲ್ಲ. ಕೇಳಿದರೆ, ‘ಸುಮ್ ಸುಮ್ನೆ ಒತ್ತುತ್ತಾ ಇರ್ತಾರೆ ಮೇಡಂ’ ಎಂದರು. ನೀರಿನ ಲೋಟವೂ ಕಿಟಕಿಯ ಹತ್ತಿರ ಇತ್ತು. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ನೀರು ಕಡಿಮೆಯಾದರೆ, ಇಲ್ಲವೇ ಎಲ್ಲೋ ಸೋಂಕು ತಗುಲಿದರೆ, ನಿನ್ನೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಏನೇನೋ ಹೇಳಲು ಶುರು ಮಾಡಬಹುದು. ಅದನ್ನು ‘ವಯಸ್ಸಾಯ್ತಲ್ಲ’ ಅಂತ ಬಿಡುವ ಜಾಗ ಅಪಾಯದ ಜಾಗ.

ಇನ್ನೊಂದು ಪ್ರಶ್ನೆ: ಮರೆವಿನ ಕಾಯಿಲೆ ಇರುವವರು ಗಲಾಟೆ ಮಾಡಿದರೆ ಏನು ಮಾಡುತ್ತೀರಿ? ‘ಒಂದು ಮಾತ್ರೆ ಕೊಡ್ತೀವಿ, ಸುಮ್ಮನಾಗ್ತಾರೆ’ ಎಂಬ ಉತ್ತರ ಬಂದರೆ ನಾನಾಗಿದ್ದರೆ ಎದ್ದು ಬರುತ್ತೇನೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ, ಆಂಟಿಸೈಕೋಟಿಕ್ ಎಂಬ ಗುಂಪಿನ ಮಾತ್ರೆಗಳಿಂದ ಇಂಥ ಹಿರಿಯರಲ್ಲಿ ಸಾವಿನ ಸಂಭವ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. 2008ರಲ್ಲಿ ಆ ಗುಂಪಿನ ಹಳೆಯ ಔಷಧಗಳಿಗೂ ಅದೇ ಎಚ್ಚರಿಕೆ ಬಂತು. ಬೇಕೇ ಬೇಕಾದ ಸಂದರ್ಭ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಅದನ್ನು ಡಾಕ್ಟರ್ ನಿರ್ಧರಿಸಬೇಕು, ಮನೆಯವರಿಗೆ ತಿಳಿಸಬೇಕು, ಆದಷ್ಟು ಬೇಗ ನಿಲ್ಲಿಸಲು ನೋಡಬೇಕು. ರಾತ್ರಿ ಆಳಿಲ್ಲ ಅಂತ ಕೊಡುವ ಮಾತ್ರೆಯೇ ಬೇರೆ.

ಮನೆಗೇ ಆರೈಕೆಯವರನ್ನು ಕಳಿಸುವ ಏಜೆನ್ಸಿಗಳಿಗೂ ಇದೇ ಮಾತು. ದಿನವೂ ಒಬ್ಬರೇ ಬರುತ್ತಾರಾ, ಅವರು ರಜೆ ಹಾಕಿದರೆ ಯಾರು ಬರುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ಹಾಗಂತ ಆರೈಕೆ ಮಾಡುವವರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಇಂಥ ಸಂಸ್ಥೆಗಳಲ್ಲಿ 3ರಲ್ಲಿ 2 ಪಾಲು ಸಿಬ್ಬಂದಿ ಹಿಂದಿನ ಒಂದು ವರ್ಷದಲ್ಲಿ ಹಿರಿಯರಿಗೆ ಒಂದಲ್ಲ ಒಂದು ರೀತಿಯ ಹಿಂಸೆ ಕೊಟ್ಟಿದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ. ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಷ್ಟು ಜನರೂ ಕೆಟ್ಟವರಾಗಿರಲು ಸಾಧ್ಯವಾ? ಸುಸ್ತು, ಕಡಿಮೆ ಸಂಬಳ, ಕಡಿಮೆ ಕೈಗಳು. ಅದಕ್ಕೇ ಅಲ್ಲಿ ಕೆಲಸ ಮಾಡುವವರನ್ನೇ ಮಾತಾಡಿಸಿ. ಎಷ್ಟು ದಿನದಿಂದ ಇದ್ದೀರಿ ಅಂತ ಕೇಳಿ. ಎಲ್ಲರೂ ಹೊಸಬರೇ ಆಗಿದ್ದರೆ ಹಳಬರು ಯಾಕೆ ಬಿಟ್ಟರು ಅಂತ ಯೋಚಿಸಬೇಕಲ್ವಾ?

ಕೇಂದ್ರದವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ಸ್ನಾನ, ಬಟ್ಟೆ, ಶೌಚ, ಎದ್ದು ಓಡಾಡುವುದು, ಊಟ, ಇವುಗಳಲ್ಲಿ ಯಾವುದನ್ನು ನಿಮ್ಮ ಅಪ್ಪ ಅಮ್ಮ ತಾವೇ ಮಾಡಿಕೊಳ್ಳುತ್ತಾರೆ? ರಾತ್ರಿ ಎಷ್ಟು ಸಲ ಏಳುತ್ತಾರೆ? ಇದೇನನ್ನೂ ಕೇಳದೆ ಮುಂಗಡ ಹಣದ ಮಾತಿಗೆ ಬಂದರೆ, ಅಲ್ಲಿಗೇ ಬಿಡುವುದು ಒಳ್ಳೆಯದು. ಮತ್ತೆ, ಹೋಗಿ ಇರಬೇಕಾದವರನ್ನೂ ಕರೆದುಕೊಂಡು ಹೋಗಿ ತೋರಿಸಿ. ಎಷ್ಟೋ ಮನೆಗಳಲ್ಲಿ ಅವರನ್ನೇ ಕೇಳಿರುವುದಿಲ್ಲ.

ಅಮೆರಿಕದಲ್ಲಿ ಸರ್ಕಾರಿ ವಿಮೆಯ ಹಣ ಪಡೆಯುವ ಆರೈಕೆ ಕೇಂದ್ರಗಳು ಪ್ರತಿ ಪಾಳಿಯಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ ಅನ್ನುವುದನ್ನು ದಿನವೂ ಎಲ್ಲರಿಗೂ ಕಾಣುವಂತೆ ಬರೆದು ಹಾಕಲೇಬೇಕು. ಇಂಥ ಬೋರ್ಡು ಎಲ್ಲ ಕಡೆ ಇರಬೇಕಾದದ್ದು. ಅದು ಬರುವವರೆಗೆ, ನಿಮ್ಮ ಪತ್ರಿಕೆ ಮುಂದಿನ ಸಲ ಆರೈಕೆ ಕೇಂದ್ರಗಳ ಬಗ್ಗೆ ಬರೆಯುವಾಗ ಕೊಠಡಿಯ ಫೋಟೊ ಜೊತೆ ರಾತ್ರಿ ಪಾಳಿಯ ಸಂಖ್ಯೆಯನ್ನೂ ಕೇಳಿ ಅಚ್ಚು ಹಾಕಲಿ. ಹೇಳಲು ಒಪ್ಪದವರ ಬಗ್ಗೆ, ಒಪ್ಪಲಿಲ್ಲ ಅಂತಲೇ ಬರೆಯಲಿ.

– ನಿವೃತ್ತ ನರ್ಸ್, ನಿಮ್ಮ ಓದುಗರಲ್ಲೊಬ್ಬಳು